ಎಡಬಾಗಿಲ ಗೀರು

ಪಾಲಿಶ್ ಭಾವ ಎಂದರೆ ನೆಂಟರಿಷ್ಟರೆಲ್ಲ ಒಳಗೊಳಗೇ ಹೆದರುತ್ತಿದ್ದರು. ಮರದ ಸಾಮಾನುಗಳಿಗೆ ಪಾಲಿಶ್ ಹೊಡೆಯುವುದು ಅವನ ಕಸುಬು. ಕಸುಬನ್ನು ಅಂಗಡಿಯಲ್ಲೇ ಬಿಟ್ಟು ಬರುವ ಅಭ್ಯಾಸ ಅವನಿಗಿರಲಿಲ್ಲ. ಯಾರ ಮನೆಗೆ ಹೋದರೂ ಕ್ಷೇಮಸಮಾಚಾರಕ್ಕೆ ಮೊದಲು ಮೇಜಿನ ಮೇಲೆ ಅಂಗೈ ಆಡಿಸುತ್ತಿದ್ದ. ಅವನು ಬರುತ್ತಾನೆಂದು ತಿಳಿದರೆ ಕೆಲವರು ಮೇಜಿಗೆ ಬಟ್ಟೆ ಹಾಸಿಬಿಡುತ್ತಿದ್ದರು. ಅವನು ಬಟ್ಟೆ ಎತ್ತಿ ನೋಡುತ್ತಿದ್ದ.

ಲೋಕದಲ್ಲಿ ಕೈ ಇರುವವರು ಮತ್ತು ಕೈ ಇಲ್ಲದವರು ಎಂಬ ಎರಡೇ ಜಾತಿ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಹೆಂಡತಿಯ ತಮ್ಮ ಎರಡನೆಯ ಜಾತಿ. ಒಮ್ಮೆ ಅವನನ್ನು ಅಂಗಡಿಗೆ ಸೇರಿಸಿಕೊಂಡಿದ್ದ. ಮೈದುನ ಕುರ್ಚಿಯ ಒಂದು ಕಾಲನ್ನು ಉಜ್ಜಿ, ಉಳಿದ ಕಾಲುಗಳನ್ನು ಮರೆತು ಊಟಕ್ಕೆ ಹೋಗಿದ್ದ. ಅವತ್ತು ಸಂಜೆ ಭಾವ ಹೆಂಡತಿಗೆ, "ನಿನ್ನ ತಮ್ಮನಿಗೆ ಕೈಯೇ ಇಲ್ಲ ಕಣೇ" ಎಂದ. ಆ ಮಾತು ಆ ಮನೆಯಲ್ಲಿ ಆರಲೇ ಇಲ್ಲ. ವರ್ಷಗಳು ಕಳೆದರೂ ಸಾರಿಗೆ ಉಪ್ಪು ಹೆಚ್ಚಾದ ದಿನ ಅದು ಮತ್ತೆ ಹೊಗೆಯಾಡುತ್ತಿತ್ತು.

ಹಲವು ಕಡೆ ಕೈಸುಟ್ಟುಕೊಂಡ ಮೈದುನ ಕೊನೆಗೆ ಬಾಡಿಗೆಗೆ ಕಾರು ಕೊಡುವ ಕಂಪನಿಯೊಂದನ್ನು ಸೇರಿದ್ದ. ಪರೀಕ್ಷಾ ಅವಧಿ ಮುಗಿಯುತ್ತ ಬಂದಿತ್ತು. ಮ್ಯಾನೇಜರು ಸಹಿ ಹಾಕಿದರೆ ಕೆಲಸ ಕಾಯಂ.

"ಇದೊಂದು ನಿಂತ್ರೆ ನಮ್ಮಮ್ಮ ನೆಮ್ಮದಿಯಾಗಿರ್ತಾರೆ ಕಣ್ರೀ," ಎಂದಳು ಹೆಂಡತಿ. "ಆಮೇಲಾದ್ರೂ ನೀವು ಅವನ ಬಗ್ಗೆ ಒಂದು ಒಳ್ಳೆ ಮಾತಾಡಿ."

"ಆಡೋ ಹಾಗಿದ್ರೆ ಆಡ್ತೀನಿ," ಎಂದ ಪಾಲಿಶ್ ಭಾವ.

ಅಷ್ಟರಲ್ಲಿ ಅತ್ತೆಯ ಕಣ್ಣಿನ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಕರೆತರಲು ಮೈದುನ ತನ್ನ ಹೆಸರಿನಲ್ಲೇ, ನೌಕರರ ರಿಯಾಯಿತಿಯಲ್ಲಿ, ಒಂದು ಬಿಳಿ ಕಾರು ಕೊಡಿಸಿದ. ಹಿಂದಿನ ಎಡಬಾಗಿಲ ಮೇಲೆ ಗೇಣುದ್ದದ ಗೀರೊಂದಿತ್ತು. ತುದಿಯಲ್ಲಿ ಕೊಂಚ ಕೆಳಕ್ಕೆ ಬಾಗಿತ್ತು.

"ಅದು ಮೊದ್ಲಿಂದ್ಲೂ ಇದೆ ಭಾವ," ಎಂದ ಮೈದುನ. "ಅದರ ತಂಟೆಗೆ ಹೋಗ್ಬೇಡಿ."

ಹಾಗೆ ಹೇಳಿದ್ದು ಒಳ್ಳೆಯದೇ. ಆದರೆ ಹೇಳಿದ್ದು ಪಾಲಿಶ್ ಭಾವನಿಗೆ. ಅತ್ತೆ ಮನೆಗೆ ಬಂದರು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದರು. ಕಾರು ಬಾಗಿಲಲ್ಲಿ ನಿಂತಿತ್ತು. ಭಾವ ಒಳಗೆ ಕೂತರೂ ಗೀರು ಕಾಣುತ್ತಿತ್ತು, ಕಿಟಕಿಗೆ ಬೆನ್ನು ಹಾಕಿದರೂ ಕಾಣುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಉಜ್ಜುಕಾಗದ ತೆಗೆದುಕೊಂಡು ಹೊರಗೆ ಹೋದ.

"ರೀ, ಅದು ನಮ್ಮ ಗಾಡಿ ಅಲ್ಲ," ಎಂದಳು ಹೆಂಡತಿ.

"ಗೊತ್ತು. ನಮ್ಮದಾಗಿದ್ರೆ ನಿನ್ನೆಯೇ ಮಾಡ್ತಿದ್ದೆ."

ಉಜ್ಜಿದ, ಬಣ್ಣ ಕಲಸಿದ, ತೆಳ್ಳಗೆ ಹಚ್ಚಿದ, ಒಣಗಿಸಿದ, ಮತ್ತೆ ಉಜ್ಜಿದ. ಸಂಜೆಯ ಹೊತ್ತಿಗೆ ಗೀರು ಎಲ್ಲಿತ್ತೆಂದು ಅವನಿಗೇ ಗೊತ್ತಾಗಲಿಲ್ಲ. ಅವತ್ತು ಎರಡು ತುತ್ತು ಹೆಚ್ಚಿಗೇ ಉಂಡ.

ಮರುದಿನ ಕಾರು ಒಪ್ಪಿಸಲು ಹೋದಾಗ ಮ್ಯಾನೇಜರು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮೆದು ಮಾತಿನ, ತೆಳ್ಳನೆಯ ಮನುಷ್ಯ. ಎಡಬಾಗಿಲ ಬಳಿ ನಿಂತು, ಬಗ್ಗಿ, ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು.

"ಗೀರೆಲ್ಲಿ?" ಎಂದರು.

"ತೆಗೆದೆ," ಎಂದ ಭಾವ, ಹೊಗಳಿಕೆಗೆ ಕಾಯುತ್ತ.

ಮ್ಯಾನೇಜರು ಹೊಗಳಲಿಲ್ಲ. ಅನುಮತಿಯಿಲ್ಲದೆ ಮಾಡಿದ ಯಾವ ಬದಲಾವಣೆಯೂ ಹಾನಿಯೇ ಎಂದು ನಿಯಮವಿದೆ, ಇಡೀ ಬಾಗಿಲಿಗೆ ಹೊಸದಾಗಿ ಬಣ್ಣ ಹೊಡೆಸುವ ಖರ್ಚು ಕಟ್ಟಬೇಕಾಗುತ್ತದೆ ಎಂದು ಬಿಲ್ಲು ಬರೆದರು.

"ಇಲ್ಲದಿರೋ ಗೀರಿಗೆ ನಾನ್ಯಾಕೆ ದುಡ್ಡು ಕೊಡ್ಲಿ?"

"ಇಲ್ಲದಿರೋದಕ್ಕೇ ಕೇಳ್ತಾ ಇರೋದು," ಎಂದರು ಮ್ಯಾನೇಜರು. "ಗಾಡಿ ನಮ್ಮ ಹುಡುಗನ ಹೆಸರಲ್ಲಿದೆ. ಹಾನಿ ಅಂತ ಬರೆದ್ರೆ ನಾನು ಅವನ ಕಾಗದಕ್ಕೆ ಸಹಿ ಹಾಕೋ ಹಾಗಿಲ್ಲ. ನೋಡಿ, ಯೋಚನೆ ಮಾಡಿ." ಹೀಗೆಂದು ಕಾಫಿ ಕುಡಿಯಲು ಒಳಗೆ ಹೋದರು.

ಮೈದುನ ಭಾವನನ್ನು ಕಾರು ತೊಳೆಯುವ ಶೆಡ್ಡಿನ ಹಿಂದಕ್ಕೆ ಕರೆದೊಯ್ದ. "ತಂಟೆಗೆ ಹೋಗ್ಬೇಡಿ ಅಂದಿದ್ದೆ."

"ಏನೋ ಇದು? ಗಾಡಿ ಚೆಂದ ಮಾಡಿದ್ರೆ ಅಳ್ತಾರಲ್ಲೋ."

ಮೈದುನ ನೆಲ ನೋಡುತ್ತ ಹೇಳಿದ. "ಆ ಗೀರಿಗೆ ಬಂದವರೆಲ್ಲಾ ದುಡ್ಡು ಕಟ್ತಾರೆ ಭಾವ. ಕೊಡೋವಾಗ ಆ ಬಾಗಿಲನ್ನ ಗೋಡೆ ಕಡೆಗೆ ನಿಲ್ಸಿರ್ತೀವಿ. ಯಾರೂ ನೋಡಲ್ಲ. ವಾಪಸ್ ತಂದಾಗ ತೋರಿಸ್ತೀವಿ. ತಾವೇ ಮಾಡಿರಬೇಕು ಅಂದ್ಕೊಂಡು ಕಟ್ಟಿ ಹೋಗ್ತಾರೆ. ಈ ಬ್ರಾಂಚಿಗೆ ಬೇರೆ ಯಾವ ಗಾಡಿಯಿಂದಲೂ ಅಷ್ಟು ಹುಟ್ಟಲ್ಲ."

ಮೈದುನ ಸೋಮಾರಿ ಎಂದು ಭಾವನಿಗೆ ಗೊತ್ತಿತ್ತು. ಸೋಮಾರಿಯಷ್ಟೇ ಎಂದುಕೊಂಡಿದ್ದ.

ಇಬ್ಬರೂ ಕಾರಿನ ಬಳಿಗೆ ಮರಳಿದಾಗ ಮ್ಯಾನೇಜರು ಬಾಯಿ ಒರೆಸಿಕೊಳ್ಳುತ್ತ ಬಂದರು. ಜಗಳ ತಮಗೂ ಬೇಡ, ಗಾಡಿ ಹೇಗಿತ್ತೋ ಹಾಗೆ ಇದ್ದರೆ ಸಾಕು, ಬಿಲ್ಲು ಹರಿದು ಹಾಕುತ್ತೇನೆ ಎಂದರು. ಕಾರಿನ ಬಾನೆಟ್ಟಿನ ಮೇಲೆ ಒಂದು ಬೀಗದಕೈ ಇಟ್ಟು ಬೇರೆ ಕಡೆ ತಿರುಗಿ ನಿಂತರು.

ಭಾವ ಬೀಗದಕೈ ತೆಗೆದುಕೊಂಡ. ಪಟ್ಟಿ ಕಟ್ಟಿಕೊಂಡು ಮಲಗಿದ ಅತ್ತೆ ನೆನಪಾದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿರುವ ಹೆಂಡತಿ ನೆನಪಾದಳು. ಕಾರಿನ ಎಡಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತ. ನಿನ್ನೆಯ ಬಣ್ಣ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೀಗದಕೈಯ ತುದಿಯನ್ನು ಹತ್ತಿರ ತಂದ, ಹಿಂದಕ್ಕೆ ತೆಗೆದುಕೊಂಡ, ಮತ್ತೆ ತಂದ. ಇಷ್ಟು ವರ್ಷದಲ್ಲಿ ಅವನ ಕೈ ಹೀಗೆ ಹಿಂಜರಿದದ್ದೇ ಇಲ್ಲ.

"ಬಿಡಿ ಭಾವ," ಎಂದು ಮೈದುನ ಮೆಲ್ಲಗೆ ಅವನ ಮಣಿಕಟ್ಟು ಹಿಡಿದ. "ನಿಮ್ಮ ಕೈಯಲ್ಲಿ ಆಗೋ ಕೆಲಸ ಅಲ್ಲ ಇದು."

ಭಾವನಿಗೆ ಒಂದು ಗಳಿಗೆ ಎದೆ ತುಂಬಿ ಬಂತು. ಹುಡುಗ ಬೀಗದಕೈಯನ್ನು ಮ್ಯಾನೇಜರ ಮುಖಕ್ಕೆ ಎಸೆಯುತ್ತಾನೆ, ಕೆಲಸ ಹೋದರೆ ಹೋಗಲಿ, ನಾಳೆಯಿಂದ ಅಂಗಡಿಗೆ ಕರೆದುಕೊಳ್ಳೋಣ, ಕುರ್ಚಿಯ ಒಂದೇ ಕಾಲು ಉಜ್ಜಿದರೂ ಪರವಾಗಿಲ್ಲ ಎಂದುಕೊಂಡ.

ಮೈದುನ ಬಗ್ಗಿ ಒಂದೇ ಎಳೆತಕ್ಕೆ ಗೀರು ಎಳೆದ. ಗೇಣುದ್ದ, ಅದೇ ಎತ್ತರದಲ್ಲಿ. ತುದಿಗೆ ಬಂದಾಗ ಮಣಿಕಟ್ಟನ್ನು ಕೊಂಚ ತಿರುಗಿಸಿ ಕೆಳಕ್ಕೆ ಬಾಗಿಸಿದ. ಗಾಡಿಯ ಹಳೆಯ ಫೋಟೋ ನೋಡಲಿಲ್ಲ, ಅಳತೆ ಮಾಡಲಿಲ್ಲ. ಎದ್ದ ಪುಡಿಯನ್ನು ಉಫ್ ಎಂದು ಊದಿದ.

ಮ್ಯಾನೇಜರು ಬಿಲ್ಲು ಹರಿದರು. ಕಾಗದಕ್ಕೆ ಸಹಿಯನ್ನೂ ಹಾಕಿದರು.

ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಾಯ್ತು?"

"ಕಾಯಂ ಆಯ್ತು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗಿನ ಕೋಣೆಯ ಕಡೆ ತಿರುಗಿ ಅಮ್ಮನಿಗೆ ಕೂಗಿ ಹೇಳಿದಳು. ಆಮೇಲೆ ಗಂಡನ ಮುಖ ನೋಡುತ್ತ ನಿಂತಳು. ಅವಳು ಯಾವುದಕ್ಕೆ ಕಾಯುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು.

"ಅವನಿಗೆ ಕೈ ಇದೆ ಕಣೇ," ಎಂದ ಪಾಲಿಶ್ ಭಾವ. "ನಾನೇ ಕಣ್ಣಾರೆ ನೋಡ್ದೆ. ಚೆನ್ನಾಗಿ ಪಳಗಿದೆ."

"ನಾನು ಆವತ್ತಿಂದ ಹೇಳ್ತಾನೇ ಇದ್ದೆ," ಎಂದು ಅವಳು ಸಂತೋಷದಿಂದ ಅತ್ತಳು. ಅವನು ಕೈ ತೊಳೆಯಲು ಹಿತ್ತಿಲಿಗೆ ಹೋದ. ಬಹಳ ಹೊತ್ತು ತೊಳೆಯುತ್ತಲೇ ಇದ್ದ.