ಮೊದಲು ಕಾಲು ಮೂಡಿದವಳು

ಮೀನಿಗೆ ಮೊದಲು ಕಾಲು ಮೂಡಿದ್ದು ನೆಲದ ಮೇಲೆ ನಡೆಯಲಿಕ್ಕಲ್ಲ, ನೀರೊಳಗಿನ ಜೊಂಡನ್ನು ಸರಿಸಿಕೊಂಡು ಹೋಗಲಿಕ್ಕೆ ಎಂದು ವಸ್ತುಸಂಗ್ರಹಾಲಯದ ವಿಜ್ಞಾನಿ ಹೇಳಿದಂದಿನಿಂದ ಅವಳಿಗೆ ಆ ಪ್ರಾಣಿಯ ಮೇಲೆ ಅಕ್ಕರೆ. ಅದರ ಮಾದರಿ ಮಾಡುವುದು ಅವಳ ಕೆಲಸ. ಚಪ್ಪಟೆ ತಲೆ, ನೆತ್ತಿಯ ಹತ್ತಿರ ಕಣ್ಣು, ಮುಂಗಾಲಿಗೆ ಎಂಟೆಂಟು ಬೆರಳು, ಎಲ್ಲವನ್ನೂ ಪಳೆಯುಳಿಕೆ ನೋಡಿಯೇ ಮಾಡಿದ್ದಳು. ಆದರೆ ಮುಖಭಾವ ಕಲ್ಲಿನಲ್ಲಿ ಉಳಿಯುವುದಿಲ್ಲ. ಅದನ್ನು ಕೈ ತಾನಾಗಿಯೇ ಮಾಡಿಬಿಟ್ಟಿತ್ತು.

ಬಣ್ಣ ಒಣಗಿ, ಗಾಜಿನ ಪೆಟ್ಟಿಗೆಗೆ ಬೀಗ ಬಿದ್ದ ಮೇಲೆ ಅವಳಿಗೆ ಹೊಳೆಯಿತು. ಕೆಳಕ್ಕೆ ಇಳಿಬಿದ್ದ ಬಾಯಿ, ಯಾವುದನ್ನೂ ಒಪ್ಪದ ಕಣ್ಣು. ಸಾಕ್ಷಾತ್ ಅತ್ತೆ. ದಿನಾ ಬೆಳಿಗ್ಗೆ ಅವಳೆದುರು ಕೂತು, ಚಹಾ ಹೀರಿ, ಏನೂ ಹೇಳದೆ ಲೋಟ ಕೆಳಗಿಡುವ ಮುಖ. ಅತ್ತೆಯನ್ನು ಒಮ್ಮೆ ಕಂಡಿದ್ದ ಬಣ್ಣದ ಕೆಲಸದ ಗೆಳತಿ ಪೆಟ್ಟಿಗೆಯತ್ತ ಕಣ್ಣು ಹಾಯಿಸಿ, ನಗಲಿಕ್ಕೆಂದು ಹೊರಗೆ ಹೋದಳು.

ಉದ್ಘಾಟನೆಗೆ ಅತ್ತೆ ಹೊರಟು ನಿಂತರು. ಜನಜಂಗುಳಿ, ಮೆಟ್ಟಿಲು, ಮಂಡಿನೋವು ಎಂದೆಲ್ಲ ಅವಳು ಹೇಳಿ ನೋಡಿದಳು. ಸೊಸೆ ಮಾಡಿದ್ದನ್ನು ಊರೆಲ್ಲ ನೋಡುವಾಗ ತಾನು ಗೋಡೆ ನೋಡುತ್ತ ಕೂರಬೇಕೇ ಎಂದರು ಅವರು. ಇಷ್ಟು ವರ್ಷ ತನ್ನ ಬಾಯಿ ಮುಚ್ಚಿಕೊಂಡು ಉಳಿಸಿಕೊಂಡ ಮನೆಯ ಶಾಂತಿ ಒಂದು ಮೀನಿನ ಬಾಯಿಂದ ಹೋಗುತ್ತದಲ್ಲ ಎಂದುಕೊಂಡಳು.

ಅತ್ತೆ ಕನ್ನಡಕ ಏರಿಸಿ ಪೆಟ್ಟಿಗೆಯ ಮುಂದೆ ನಿಂತರು. ಇವರು ಅದನ್ನು ನೋಡಿದರು, ಅದು ಇವರನ್ನು ನೋಡಿತು. ಗಂಡ ಇಬ್ಬರನ್ನೂ ನೋಡಿ ಶೌಚಾಲಯ ಹುಡುಕಿಕೊಂಡು ಹೋದ.

"ಇದು ನಾನಲ್ವಾ?"

"ಬೇಕಂತ ಮಾಡಿಲ್ಲ ಅತ್ತೆ."

ಅತ್ತೆ ಪಕ್ಕದ ಫಲಕವನ್ನು ನಿಧಾನವಾಗಿ ಓದಿದರು. ಇಂಥ ಪ್ರಾಣಿಗಳ ಸಂತತಿಯೇ ಮುಂದೆ ಕಪ್ಪೆ, ಹಾವು, ಹಕ್ಕಿ, ಮನುಷ್ಯರಾಗಿ ಕವಲೊಡೆಯಿತು ಎಂದಿತ್ತು.

"ಬೆನ್ನುಮೂಳೆ ಇರೋರೆಲ್ಲ ಇದರ ವಂಶಾನಾ?"

"ಮೀನುಗಳನ್ನ ಬಿಟ್ಟು."

"ನಿಮ್ಮಮ್ಮ?"

"ಅವರೂನೂ."

ಅತ್ತೆ ತಲೆಗೂದಲು ಸರಿಪಡಿಸಿಕೊಂಡು ಗಾಜಿಗೆ ಒತ್ತಿ ನಿಂತರು. "ಫೋಟೋ ತೆಗಿ. ಬೀಗಿತ್ತಿಗೆ ಕಳಿಸು. ಮುಂದಿನ ಸಲ ಬಂದಾಗ ನನ್ನನ್ನ ಅಜ್ಜಿ ಅಂತ ಕರೀಲಿ."

ಫೋಟೋ ಚೆನ್ನಾಗಿಯೇ ಬಂತು, ಯಾರು ಯಾರೆಂದು ತಿಳಿಯದಷ್ಟು. ಆದರೆ ಕಳಿಸಲು ಬೆರಳು ಇಳಿಯಲಿಲ್ಲ. ತನ್ನ ಅಮ್ಮನನ್ನೂ ಅವಳು ಬಲ್ಲಳು. ಅತ್ತೆ ಅಲುಗದೆ ಕಾಯುತ್ತಿದ್ದರು. ಕಳಿಸಿದಳು, ಫೋನನ್ನು ಸದ್ದಿಲ್ಲದಂತೆ ಮಾಡಿ ಚೀಲದ ತಳಕ್ಕೆ ತುರುಕಿದಳು.