ಲವೋನಾಳ ಒಂದು ನಿಮಿಷ

ಲವೋನಾ ಟ್ವೆಟನ್‌ಳ ಗಂಟಲು ಕೈಕೊಟ್ಟದ್ದು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಕಾಕಸ್ ಸಭೆಗೆ ನಾಲ್ಕು ದಿನ ಇರುವಾಗ. ಜೂನ್ ತಿಂಗಳಿನಿಂದ ಅವಳು ಗವರ್ನರ್ ಕ್ಯಾಸ್‌ವೆಲ್ ಪರವಾಗಿ ಊರಿನ ಬಾಗಿಲುಗಳನ್ನೆಲ್ಲ ತಟ್ಟಿದ್ದಳು. ಸಂಜೆ ಊಟವಾದ ಮೇಲೆ ಫೋನು ಹಿಡಿದು ಕೂತಿದ್ದಳು. ಚರ್ಚಿನಲ್ಲಿ ಕಾಫಿ ಕುಡಿಯುವ ಹೊತ್ತಿನಲ್ಲಿ ಪಾದ್ರಿಯನ್ನೂ ಬಿಟ್ಟಿರಲಿಲ್ಲ. ಡಾಕ್ಟರು ದೀಪ ಹಿಡಿದು ಗಂಟಲು ನೋಡಿ, ಹತ್ತು ದಿನ ಪಿಸುಮಾತೂ ಕೂಡದು ಎಂದರು. ಆಡಿದರೆ ದನಿ ಪೂರ್ತಿ ಹಿಂದಿರುಗುವುದೇ ಕಷ್ಟ ಎಂದರು.

"ಹತ್ತು ದಿನಾನಾ?" ಎಂದು ಕೇಳಿದ ಅವಳ ಗಂಡ ವರ್ಲಿನ್. ಆ ಪ್ರಶ್ನೆಯಲ್ಲಿ ಮರುಕ ಎಷ್ಟು, ನೆಮ್ಮದಿ ಎಷ್ಟು ಎಂದು ವಿಚಾರಿಸಲು ಲವೋನಾಳಿಗೆ ದನಿ ಇರಲಿಲ್ಲ.

ಸೋಮವಾರ ಸಂಜೆ ಆರೂವರೆಗೆ ಜನ ಬೂಟಿನ ಹಿಮ ಒದರುತ್ತ ಪ್ರಾಥಮಿಕ ಶಾಲೆಯ ಒಳಾಂಗಣ ಆಟದಂಗಳವಾದ ಜಿಮ್ಮಿನೊಳಗೆ ಬರತೊಡಗಿದರು. ನಾಲ್ಕು ಮೂಲೆಗಳಲ್ಲಿ ನಾಲ್ಕು ಹೆಸರುಗಳನ್ನು ಅಂಟಿಸಿದ್ದರು. ಅಧ್ಯಕ್ಷ ಪದವಿಗೆ ಪಕ್ಷದಿಂದ ಯಾರು ನಿಲ್ಲಬೇಕೆಂದು ತೋರುತ್ತದೋ ಅವರ ಹೆಸರಿನ ಕೆಳಗೆ ಹೋಗಿ ನಿಲ್ಲಬೇಕು. ಪರದೆ ಇಲ್ಲ, ಪೆಟ್ಟಿಗೆ ಇಲ್ಲ. ಯಾರು ಎಲ್ಲಿ ನಿಂತರೆಂದು ಪಕ್ಕದ ಮನೆಯವರು ನೋಡುತ್ತಾರೆ, ಹಲ್ಲಿನ ಡಾಕ್ಟರೂ ನೋಡುತ್ತಾರೆ. ನೂರಕ್ಕೆ ಹದಿನೈದು ಜನ ಸೇರದ ಗುಂಪು ಲೆಕ್ಕಕ್ಕಿಲ್ಲ. ಅದು ಒಡೆದು ಬೇರೆ ಮೂಲೆಗಳಿಗೆ ಹಂಚಿಹೋಗಬೇಕು. ಲವೋನಾಳ ಎಂಟು ತಿಂಗಳ ತಿರುಗಾಟ ಆ ಹದಿನೈದರ ಮೇಲೆ ನಿಂತಿತ್ತು.

ಅವಳು ಓಟ್ಸ್ ಮತ್ತು ಚಾಕೊಲೇಟ್ ಹಾಕಿ ಬೇಯಿಸಿದ ಬಿಲ್ಲೆಗಳ ತಟ್ಟೆಯನ್ನು ತನ್ನ ಮೂಲೆಯ ಮೇಜಿನ ಮೇಲಿಟ್ಟು ನಿಂತಳು. ಅವಳು ಮಾತಾಡುವಂತಿಲ್ಲ ಎಂಬ ಸುದ್ದಿ ಊರಿಗೆಲ್ಲ ಹಬ್ಬಿತ್ತು. ಇಷ್ಟು ದಿನ ಅವಳನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದವರೆಲ್ಲ ಈಗ ಧೈರ್ಯವಾಗಿ ಬಂದು ಬಿಲ್ಲೆ ತೆಗೆದುಕೊಂಡರು.

"ನಿನ್ನ ಗವರ್ನರ್ ಒಳ್ಳೆಯೋಳೇ ಕಣೆ," ಎಂದಳು ಅಂಚೆ ಕಚೇರಿಯ ಡಾರ್ಲಾ, ಬಿಲ್ಲೆ ಅಗಿಯುತ್ತ. "ಆದ್ರೆ ಆ ದನಿ ಇದ್ಯಲ್ಲ, ನಂಗೆ ಮೂರನೇ ಕ್ಲಾಸು ಜ್ಞಾಪಕ ಬರುತ್ತೆ. ಹೋಮ್‌ವರ್ಕ್ ಮಾಡಿಲ್ಲ ಅನ್ಸುತ್ತೆ. ಅದಕ್ಕೇ ನಾನು ಸೆನೆಟರ್ ಡನ್‌ಮೋರ್ ಕಡೆ."

"ಡನ್‌ಮೋರ್ ಹಲ್ಲು ನೋಡಿದ್ದೀಯಾ?" ಎಂದ ಅವಳ ಹಿಂದಿದ್ದ ಮುದುಕ. "ಸೆನೆಟರ್‌ಗೆ ಅಷ್ಟು ಬೆಳ್ಳಗಿನ ಹಲ್ಲು ಯಾಕಮ್ಮಾ? ನಾನು ಜಡ್ಜ್ ಪೆಂಬ್ರೋಕ್‌ಗೆ."

"ಜಡ್ಜ್ ಕೈ ಒದ್ದೆ," ಎಂದಳು ಡಾರ್ಲಾ.

"ಮಳೇಲಿ ಕೈ ಕುಲುಕಿದ್ರೆ ಒದ್ದೆ ಇರದೆ ಇನ್ನೇನು ಮಾರಾಯ್ತಿ?"

ಲವೋನಾ ಬಾಯಿ ತೆರೆದು ಮುಚ್ಚಿದಳು. ಒಂದೊಂದಕ್ಕೂ ಅವಳ ಹತ್ತಿರ ಉತ್ತರವಿತ್ತು. ಎಂಟು ತಿಂಗಳು ಇವರ ಬಾಗಿಲಲ್ಲಿ ನಿಂತು ಅವಳು ಹಾಲಿನ ದರ, ಆಸ್ಪತ್ರೆ, ಶಾಲೆ ಎಂದು ಹೇಳಿದ್ದೇ ಹೇಳಿದ್ದು. ಈ ಮೂರನೇ ಕ್ಲಾಸಿನ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಲು ಅವಳು ಬಿಟ್ಟಿರಲಿಲ್ಲವೇನೋ.

ಏಳಕ್ಕೆ ಬಾಗಿಲು ಹಾಕಿದರು. ಸಭೆ ನಡೆಸುವವನು ಶಾಲೆಯ ಬ್ಯಾಂಡ್ ಮೇಷ್ಟರು ಕರ್ಟ್ ಬ್ರೆಕ್ಕೆ. ಅವನು ಎಣಿಸಿ, ಒಟ್ಟು ತೊಂಬತ್ತಾರು ಜನ, ಗುಂಪು ನಿಲ್ಲಬೇಕಾದರೆ ಹದಿನೈದು ತಲೆ ಬೇಕು ಎಂದು ಸಾರಿದ. ಜನ ಮೂಲೆಗಳಿಗೆ ಹೋದರು. ಡನ್‌ಮೋರ್ ನಲವತ್ತೊಂದು, ಪೆಂಬ್ರೋಕ್ ಮೂವತ್ತೈದು, ಕ್ಯಾಸ್‌ವೆಲ್ ಹನ್ನೆರಡು, ಮೇಯರ್ ಟೋಲನ್ ಎಂಟು.

ಹನ್ನೆರಡು. ಬರುತ್ತೇನೆಂದು ಮಾತು ಕೊಟ್ಟವರು ಇಪ್ಪತ್ತೆರಡು. ಉಳಿದವರಿಗೆ ಹಿಮ ಅಡ್ಡ ಬಂತೋ, ಟೀವಿ ಅಡ್ಡ ಬಂತೋ.

ವರ್ಲಿನ್ ಡನ್‌ಮೋರ್ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದ. ಅವನು ಅಲ್ಲಿ ನಿಲ್ಲುತ್ತಾನೆಂದು ಲವೋನಾಳಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಯಾಕೆ ಎಂದು ಮಾತ್ರ ಅವನು ಹೇಳಿರಲಿಲ್ಲ. ಹಾಲಿನ ಟ್ಯಾಂಕರು ಓಡಿಸುವವನು, ದಿನವಿಡೀ ಒಬ್ಬನೇ ಇರುವವನು. ಮನೆಗೆ ಬಂದು ಊಟಕ್ಕೆ ಕೂತರೆ ಆಲೂಗಡ್ಡೆ ಆ ಕಡೆ, ಲವೋನಾಳ ಮಾತು ಈ ಕಡೆ. ಅವನು ಆಲೂಗಡ್ಡೆ ತಿನ್ನುತ್ತಿದ್ದ.

"ಈಗ ಒಂದೊಂದು ಗುಂಪಿಗೂ ಒಂದು ನಿಮಿಷ ಮಾತು," ಎಂದ ಕರ್ಟ್. "ಒಂದು ನಿಮಿಷ ಅಂದ್ರೆ ಒಂದೇ ನಿಮಿಷ. ಮೀರಿದ್ರೆ ಸೀಟಿ ಊದ್ತೀನಿ."

ಅವಳ ಗುಂಪಿನ ಹನ್ನೊಂದು ಜನ ನೆಲ ನೋಡಿದರು. ಹಿಮ ತೆಗೆದುಕೊಡು ಎಂದರೆ ಬೆಳಗಿನ ಐದಕ್ಕೆ ಬರುವವರು, ಹೆಣ ಹೊರಲು ಕರೆದರೆ ಕೋಟು ಹಾಕಿಕೊಂಡು ಬರುವವರು. ನಾಲ್ಕು ಜನರ ಮುಂದೆ ಎದ್ದು ಮಾತಾಡು ಎಂದರೆ ಮಾತ್ರ ಮೈಯೆಲ್ಲ ಬೆವರು. ಲವೋನಾ ತಾನು ಬರೆದು ತಂದಿದ್ದ ಹಾಳೆಯನ್ನು ಗ್ಲೆನಿಸ್‌ಳ ಕೈಗೆ ತುರುಕಿದಳು. ಗ್ಲೆನಿಸ್ ಮೂವತ್ತು ವರ್ಷ ನರ್ಸ್ ಆಗಿದ್ದವಳು; ಊರಿನ ಅರ್ಧ ಗಂಡಸರಿಗೆ ಚಡ್ಡಿ ಇಳಿಸಿ ಸೂಜಿ ಚುಚ್ಚಿದವಳು.

ಗ್ಲೆನಿಸ್ ಕನ್ನಡಕ ಹಾಕಿಕೊಂಡು, ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಲವೋನಾ, ಡಾಕ್ಟರ ಚೀಟಿ ಓದಿ ಬದುಕಿದೋಳು ನಾನು. ಇದನ್ನ ಓದಕ್ಕಾಗಲ್ಲ ಕಣೆ."

ಹಾಳೆ ಕೈಯಿಂದ ಕೈಗೆ ಹೋಯಿತು. ಯಾರಿಗೂ ಆಗಲಿಲ್ಲ. ಒಬ್ಬ ಅದನ್ನು ತಿರುಗಿಸಿಯೂ ನೋಡಿದ.

"ವರ್ಲಿನ್‌ಗೆ ಬರುತ್ತೆ," ಎಂದಳು ಗ್ಲೆನಿಸ್. "ಮೂವತ್ತನಾಲ್ಕು ವರ್ಷ ಇವಳ ಸಾಮಾನು ಪಟ್ಟಿ ಓದಿ ಅಂಗಡಿಗೆ ಹೋಗಿದ್ದಾನೆ."

"ಅವನು ಡನ್‌ಮೋರ್ ಕಡೆಯವನು," ಎಂದ ಡನ್‌ಮೋರ್ ಮೂಲೆಯ ಮುಖಂಡ.

ಕರ್ಟ್ ನಿಯಮದ ಪುಸ್ತಕ ತೆಗೆದು ಎರಡು ಪುಟ ಮಗುಚಿದ. "ಒಂದು ನಿಮಿಷ ಅಂತ ಇದೆ. ಯಾರ ಬಾಯಿ ಅಂತ ಇಲ್ಲ. ವರ್ಲಿನ್, ಓದ್ತೀಯೇನಯ್ಯಾ?"

ವರ್ಲಿನ್ ಹೆಂಡತಿಯ ಕಡೆ ನೋಡಿದ. ಲವೋನಾ ಕೈ ಮುಗಿಯಲಿಲ್ಲ, ಕರೆಯಲೂ ಇಲ್ಲ. ಹಾಳೆಯನ್ನು ಚಾಚಿ ಹಿಡಿದು ನಿಂತಳು. ಅವನು ಟೋಪಿ ತೆಗೆದು ಜೇಬಿಗಿಟ್ಟು ನಡುವೆ ಬಂದು ನಿಂತ.

ಓದಿದ. ಹಾಲಿನ ಟ್ಯಾಂಕರಿನ ರಸೀದಿ ಓದುವ ಹಾಗೆ, ಏರಿಲ್ಲ ಇಳಿವಿಲ್ಲ. ಗವರ್ನರ್ ಕ್ಯಾಸ್‌ವೆಲ್ ತನ್ನ ರಾಜ್ಯದಲ್ಲಿ ಆರು ಹಳ್ಳಿ ಆಸ್ಪತ್ರೆಗಳು ಮುಚ್ಚದಂತೆ ನೋಡಿಕೊಂಡಳು ಎಂದು ಓದಿದ. ನಮ್ಮ ಕೌಂಟಿಯಲ್ಲಿ ಈಗ ಹೆರಿಗೆಗೆ ನಲವತ್ತು ಮೈಲಿ ಹೋಗಬೇಕು ಎಂದು ಓದಿದ. ಸೆನೆಟರ್ ಡನ್‌ಮೋರ್ ಇಲ್ಲಿಗೆ ಎರಡು ಸಲ ಬಂದರು, ಎರಡು ಸಲವೂ ಕಾರಿನ ಎಂಜಿನ್ ಆರಿಸಲಿಲ್ಲ ಎಂಬ ಸಾಲು ಬಂದಾಗ ಸ್ವಲ್ಪ ತಡೆದು, ಅದನ್ನೂ ಓದಿದ. ಅವನ ಮೂಲೆಯಲ್ಲೇ ಯಾರೋ ನಕ್ಕರು.

ಜಿಮ್ಮಿನ ಆ ತುದಿಯಿಂದ ಈ ತುದಿಗೆ ಅವನ ದನಿ ಬರುತ್ತಿತ್ತು. ಮನೆಯೊಳಗೆ ಆ ದನಿ ಉಪ್ಪು ಕೊಡು, ದೀಪ ಆರಿಸು ಎನ್ನುವಷ್ಟೇ ಇರುತ್ತಿತ್ತು. ಇಷ್ಟು ಹೊತ್ತು ಒಂದೇ ಸಮನೆ ಅದನ್ನು ಕೇಳಿ ಎಷ್ಟು ವರ್ಷವಾಯಿತೆಂದು ಲವೋನಾ ಲೆಕ್ಕ ಹಾಕಿದಳು. ಸಿಗಲಿಲ್ಲ.

ಹಾಳೆ ಮುಗಿಯಿತು. ವರ್ಲಿನ್ ಕರ್ಟ್‌ನ ಕೈಗಡಿಯಾರದ ಕಡೆ ನೋಡಿದ. "ಇನ್ನೂ ಇದೆಯಾ?"

"ಮೂವತ್ತು ಸೆಕೆಂಡು."

"ಇಷ್ಟು ಅವಳು ಬರೆದಿದ್ದು. ಇದು ನಂದು." ಅವನು ಹಾಳೆ ಮಡಿಸಿದ. "ಆಗಸ್ಟ್‌ನಲ್ಲಿ ಜಾತ್ರೇಲಿ ಡನ್‌ಮೋರ್‌ನ ಕೇಳಿದೆ, ಐವತ್ತು ಹಸು ಇಟ್ಕೊಂಡೋರು ಬದುಕೋದು ಹೇಗೆ ಅಂತ. ಐದು ನಿಮಿಷ ಮಾತಾಡಿದ್ರು. ಅದರಲ್ಲಿ ಒಂದು ಹಸೂನೂ ಇರ್ಲಿಲ್ಲ. ಕ್ಯಾಸ್‌ವೆಲ್ ಲೈಬ್ರರಿಗೆ ಬಂದಾಗ ಅದನ್ನೇ ಕೇಳಿದೆ. ಗೊತ್ತಿಲ್ಲ, ತಿಳ್ಕೊಂಡು ಬರೀತೀನಿ ಅಂದ್ರು. ಮೂರು ವಾರಕ್ಕೆ ಡೈರಿ ವಿಳಾಸಕ್ಕೆ ಎರಡು ಪುಟ ಕಾಗದ ಬಂತು. ನಾನು ಡನ್‌ಮೋರ್ ಕಡೆ ನಿಂತಿರೋದು ಅವರು ಗೆಲ್ತಾರೆ ಅಂತ. ನವೆಂಬರ್ ಚುನಾವಣೇಲಿ ಆ ಇನ್ನೊಂದು ಪಕ್ಷದ ಎದುರು ಸೋತು ಸೋತು ಸಾಕಾಗಿದೆ. ಅಷ್ಟೆ."

ಸೀಟಿ ಊದುವ ಮೊದಲೇ ಅವನು ತನ್ನ ಮೂಲೆಗೆ ಹೋಗಿ ಗೋಡೆಗೆ ಒರಗಿದ.

ಲವೋನಾ ಅವನನ್ನೇ ನೋಡಿದಳು. ಲೈಬ್ರರಿಯ ಸಭೆಯ ದಿನ ಅವನು ಹೊರಗೆ ಪಿಕಪ್ಪಿನಲ್ಲಿ ಕೂತಿದ್ದಾನೆಂದು ಅವಳು ತಿಳಿದಿದ್ದಳು. ಒಳಗೆ ಯಾವಾಗ ಬಂದ? ಕಾಗದ ಬಂದದ್ದನ್ನು ಯಾಕೆ ಹೇಳಲಿಲ್ಲ? ಹೇಳಹೊರಟಿದ್ದನೇನೋ, ಆಲೂಗಡ್ಡೆ ಬಡಿಸುವ ಹೊತ್ತಿನಲ್ಲಿ. ಆಗ ಅವಳು ಬೇರೇನೋ ಹೇಳುತ್ತಿದ್ದಿರಬೇಕು.

ಉಳಿದ ಮೂರು ಗುಂಪಿನವರೂ ಮಾತಾಡಿದರು. ಗುಂಪು ಬದಲಾಯಿಸಲು ಐದು ನಿಮಿಷ ಎಂದು ಕರ್ಟ್ ಸಾರಿದ. ಎಂಟೇ ಜನರಿದ್ದ ಟೋಲನ್ ಗುಂಪು ಒಡೆಯಿತು. ಆರು ಜನ ದೊಡ್ಡ ಮೂಲೆಗಳಿಗೆ ಹೋದರು. ಕ್ಲಾರಿಂಡಾ ಎಂಬ ಸಣ್ಣ ಮುದುಕಿ ಮತ್ತು ಅವಳ ತಂಗಿ ಮಾತ್ರ ಲವೋನಾಳ ಕಡೆ ಬಂದರು.

"ಗೊತ್ತಿಲ್ಲ ಅಂದ್ಲಂತಲ್ಲ," ಎಂದಳು ಕ್ಲಾರಿಂಡಾ. "ಗೊತ್ತಿಲ್ಲ ಅಂದೋರನ್ನ ನಾನು ಇನ್ನೂ ನೋಡೇ ಇಲ್ಲ. ಅದಕ್ಕೇ ಬಂದೆ."

ಹದಿನಾಲ್ಕು.

ಗ್ಲೆನಿಸ್ ಮತ್ತೊಮ್ಮೆ ಎಣಿಸಿದಳು. ಹದಿನಾಲ್ಕೇ. ಇಡೀ ಜಿಮ್ಮು ಈಗ ವರ್ಲಿನ್‌ನನ್ನು ನೋಡುತ್ತಿತ್ತು. ಅವನು ತನ್ನ ಬೂಟು ನೋಡುತ್ತಿದ್ದ.

"ಕರಿಯೇ ಅವನ್ನ," ಎಂದಳು ಗ್ಲೆನಿಸ್. "ಒಂದು ಸನ್ನೆ ಮಾಡು ಸಾಕು. ಕೋಳಿಮರಿ ಥರ ಬರ್ತಾನೆ."

ಲವೋನಾಳಿಗೆ ಅದು ಗೊತ್ತಿತ್ತು. ಅವಳ ಕೈ ಅರ್ಧ ಎದ್ದಿತ್ತು ಕೂಡ. ಎಂಟು ತಿಂಗಳು ಅವಳು ಬಾಗಿಲಿಂದ ಬಾಗಿಲಿಗೆ ಹೋಗಿ, ನಿಮ್ಮ ಮನಸ್ಸಿಗೆ ಬಂದ ಕಡೆ ನಿಲ್ಲಿ, ಗಂಡ ಹೇಳಿದ, ಅಣ್ಣ ಹೇಳಿದ ಎಂದು ನಿಲ್ಲಬೇಡಿ ಎಂದು ಹೇಳಿದ್ದಳು. ಆ ಮಾತು ಹೇಳಿಯೇ ಗಂಟಲು ಹೋಗಿತ್ತು. ಎಂಟು ತಿಂಗಳ ಮಾತಿಗೆ ಜಗ್ಗದೆ ಅವನೊಬ್ಬ ಅಲ್ಲಿ ನಿಂತಿದ್ದ. ಈಗ ಕೈಬೀಸಿ ಕರೆದರೆ ಬರುತ್ತಾನೆ. ಬಂದರೆ ಹದಿನೈದಾಗುತ್ತದೆ. ಆದರೆ ಅದು ಅವನ ಮಾತಲ್ಲ.

ಅವಳು ಪ್ರಚಾರದ ಚೀಟಿಯೊಂದರ ಬೆನ್ನಿನ ಮೇಲೆ ಬರೆದು ಕ್ಲಾರಿಂಡಾಳ ತಂಗಿಯ ಕೈಗೆ ಕೊಟ್ಟಳು. ತಂಗಿ ಜಿಮ್ಮು ದಾಟಿ ಅದನ್ನು ವರ್ಲಿನ್‌ಗೆ ಒಪ್ಪಿಸಿದಳು. ದಾರಿಯಲ್ಲಿ ಮೂವರು ಇಣುಕಿ ನೋಡಿದರು. ಯಾರಿಗೂ ಏನೂ ತಿಳಿಯಲಿಲ್ಲ.

"ಏನಂತೆ?" ಎಂದು ಕೇಳಿದಳು ಡಾರ್ಲಾ. "ಬಾ ಅಂತಾಳಾ?"

ವರ್ಲಿನ್ ಚೀಟಿಯನ್ನು ಎರಡು ಸಲ ಓದಿದ. ಬರಬೇಡ. ನಿನಗೆ ಅನ್ನಿಸಿದ ಕಡೆಯೇ ಇರು. ಸಿಟ್ಟಿಲ್ಲ.

"ಮನೇಲಿ ಹಾಲು ಮುಗಿದಿದೆಯಂತೆ," ಎಂದ.

"ಟ್ಯಾಂಕರು ಓಡಿಸೋನ ಮನೇಲಿ ಹಾಲಿಲ್ವಂತೆ ನೋಡ್ರೋ," ಎಂದ ಬೆಳ್ಳಗಿನ ಹಲ್ಲಿನ ಮೇಲೆ ನಂಬಿಕೆಯಿಲ್ಲದ ಮುದುಕ, ಆ ಕಡೆಯ ಮೂಲೆಯಿಂದ. ಎಲ್ಲರೂ ನಕ್ಕರು. ವರ್ಲಿನ್ ಅಲ್ಲೇ ನಿಂತ.

ಲವೋನಾ ಮೇಜಿನ ಮೇಲಿದ್ದ ಪ್ರಚಾರದ ಚೀಟಿಗಳನ್ನು ಒಟ್ಟುಮಾಡಿ ರಬ್ಬರ್ ಬ್ಯಾಂಡ್ ಹಾಕಿದಳು. ಅವಳ ಗುಂಪಿನವರು ಅವಳ ಮುಖ ನೋಡದೆ ತಂತಮ್ಮ ಕೋಟುಗಳನ್ನು ಹುಡುಕಿಕೊಂಡರು. ಇನ್ನು ಯಾವ ಮೂಲೆಗೆ ಹೋಗುವುದೆಂದು ಅವಳಿಗೆ ತೋಚಲಿಲ್ಲ. ಎರಡನೆಯ ಹೆಸರೊಂದನ್ನು ಅವಳು ಯೋಚಿಸಿಯೇ ಇರಲಿಲ್ಲ.

"ಒಂದು ನಿಮಿಷ ಇದೆ," ಎಂದ ಕರ್ಟ್.

ವರ್ಲಿನ್ ಗೋಡೆಯಿಂದ ಬೆನ್ನು ತೆಗೆದ. ಬಾಸ್ಕೆಟ್‌ಬಾಲ್ ಅಂಗಳದ ನಡುಗೆರೆಯನ್ನು ದಾಟಿ, ಅವಸರವಿಲ್ಲದೆ ಬಂದ.

"ಎಲ್ಲಿಗಯ್ಯಾ?" ಎಂದ ಅವನ ಗುಂಪಿನ ಮುಖಂಡ.

"ಅಲ್ಲಿ ನಲವತ್ತು ಜನ. ಸೆಕೆ."

ಅವನು ಬಂದು ಸಾಲಿನ ಕೊನೆಯಲ್ಲಿ ನಿಂತ. ಲವೋನಾ ಅವನ ಹತ್ತಿರ ಹೋಗಿ, ಅವನ ಜೇಬಿನಿಂದ ಚೀಟಿ ಎಳೆದು, ಅವನ ಮುಖದ ಮುಂದೆ ಹಿಡಿದಳು. ಅವಳ ಕಣ್ಣಲ್ಲಿ ನಿಜವಾದ ಸಿಟ್ಟಿತ್ತು.

"ಓದಿದೆ ಕಣೆ," ಎಂದ ವರ್ಲಿನ್ ಮೆಲ್ಲಗೆ. "ನೀನು ಕರೆದಿದ್ರೆ ಬರ್ತಿರ್ಲಿಲ್ಲ." ಚೀಟಿಯನ್ನು ಅವಳ ಕೈಯಿಂದ ತೆಗೆದು ಮತ್ತೆ ಜೇಬಿಗಿಟ್ಟ. "ಅದನ್ನೆಲ್ಲ ಗಟ್ಟಿಯಾಗಿ ಓದಿದ್ನಲ್ಲ. ಓದುವಾಗ ನನ್ನ ಕಿವಿಗೂ ಬಿತ್ತು. ಆ ಕಾಗದ ಬಂದ ದಿನವೇ ನಾನು ಈ ಕಡೆ ಬರಬೇಕಿತ್ತು. ಗೆಲ್ಲೋರು ಯಾರು ಅಂತ ಲೆಕ್ಕ ಹಾಕ್ತಾ ಕೂತೆ."

ಕರ್ಟ್ ಬಂದು ಒಬ್ಬೊಬ್ಬರ ತಲೆಯ ಮೇಲೂ ಪೆನ್ಸಿಲು ತೋರಿಸುತ್ತ ಎಣಿಸಿದ. ಹದಿನೈದು. ಸೀಟಿ ಊದಿದ. ಕ್ಯಾಸ್‌ವೆಲ್ ಗುಂಪಿಗೆ ಒಬ್ಬ ಪ್ರತಿನಿಧಿ. ಮಾರ್ಚಿನಲ್ಲಿ ಜಿಲ್ಲಾ ಮಟ್ಟದ ಕೌಂಟಿ ಸಭೆಗೆ ಹೋಗಿ ಗುಂಪಿನ ಪರವಾಗಿ ಮಾತಾಡಬೇಕಾದವರ ಹೆಸರು ಈಗಲೇ ಕೊಡಿ ಎಂದ.

ಮಾತಾಡಬೇಕು ಎಂದ ಕೂಡಲೇ ಎಲ್ಲರೂ ಮತ್ತೆ ನೆಲ ನೋಡಿದರು.

"ವರ್ಲಿನ್," ಎಂದಳು ಗ್ಲೆನಿಸ್.

"ನಾನು ಈ ಕಡೆ ಬಂದು ಮೂರು ನಿಮಿಷ ಆಗಿಲ್ಲ," ಎಂದ ವರ್ಲಿನ್. "ಮಾರ್ಚ್ ಹೊತ್ತಿಗೆ ಅವಳ ದನಿ ಬಂದಿರುತ್ತೆ. ಅವಳು ಹೋಗ್ಲಿ."

"ಅವಳು ಹೇಳಿದ್ದನ್ನ ಊರೆಲ್ಲ ಕೇಳಿದೆ. ನಮ್ಮಲ್ಲಿ ಎದ್ದು ಮಾತಾಡಿದೋನು ನೀನೊಬ್ಬ. ವರ್ಲಿನ್ ಅನ್ನೋರು ಕೈ ಎತ್ತಿ."

ಮೊದಲು ಎದ್ದದ್ದು ಲವೋನಾಳ ಕೈ. ಅದರ ಹಿಂದೆ ಹದಿಮೂರು.

"ಬೇಡ ಅನ್ನೋರು?"

ವರ್ಲಿನ್ ಒಬ್ಬನೇ ಕೈ ಎತ್ತಿದ. ಕರ್ಟ್ ಅದನ್ನೂ ಬರೆದುಕೊಂಡ.

"ಆ ಸಭೆ ಎಷ್ಟು ಹೊತ್ತು ಇರುತ್ತೆ?" ಎಂದು ಕೇಳಿದ ವರ್ಲಿನ್.

"ಬೆಳಿಗ್ಗೆ ಒಂಬತ್ತಕ್ಕೆ ಶುರು. ಹೋದ ಸಲ ಸಂಜೆ ಆರಕ್ಕೆ ಮುಗೀತು. ಅಷ್ಟು ಹೊತ್ತೂ ಮಾತೇ."

ವರ್ಲಿನ್ ಹೆಂಡತಿಯ ಕಡೆ ತಿರುಗಿದ. ಲವೋನಾ ಒಂದು ಕೈಯಿಂದ ಗಂಟಲು ಹಿಡಿದುಕೊಂಡು, ಇನ್ನೊಂದನ್ನು ಮೇಜಿಗೆ ಊರಿ, ಸದ್ದಿಲ್ಲದೆ ನಗುತ್ತಿದ್ದಳು. ಭುಜಗಳು ಕುಲುಕುತ್ತಿದ್ದವು. ಅವನು ಅವಳ ಕೋಟನ್ನು ತೊಡಿಸಲು ಹಿಡಿದು, ನಗು ನಿಲ್ಲುವವರೆಗೆ ಕಾದು ನಿಂತ.