ಬೆಲ್ಟಿಗೆ ಎಣ್ಣೆ

ದೋಣಿಮಲೈ ಗಣಿಯಲ್ಲಿ ಮೂವತ್ತೊಂದು ವರ್ಷ ಕನ್ವೇಯರ್ ಬೆಲ್ಟ್ ನೋಡಿಕೊಂಡಿದ್ದ ತಿರುಮಲರಾಯರಿಗೆ ಮನೆಯ ಟ್ರೆಡ್‌ಮಿಲ್ ಎಂದರೆ ಆಟದ ಸಾಮಾನು. ಗುಡ್ಡದಿಂದ ಅದಿರು ಹೊತ್ತು ಇಳಿಯುವ ಬೆಲ್ಟು ಬೆರಳಷ್ಟು ಪಕ್ಕಕ್ಕೆ ಸರಿದರೂ ಬರೀ ಸದ್ದಿನಲ್ಲೇ ಕಂಡುಹಿಡಿಯುತ್ತಿದ್ದ ಮನುಷ್ಯ ಅವರು. ಕಾಲೊನಿಯವರೆಲ್ಲ ಅವರನ್ನು ‘ಬೆಲ್ಟ್ ರಾಯರು’ ಎನ್ನುತ್ತಿದ್ದರು. ನಿವೃತ್ತರಾಗಿ ಹೊಸಪೇಟೆಯಲ್ಲಿ ಮನೆ ಮಾಡಿದ ಮೇಲೂ ಆ ಬಿರುದನ್ನು ಇಳಿಸಿಡಲು ರಾಯರಿಗೆ ಮನಸ್ಸು ಬರಲಿಲ್ಲ. ಇಳಿಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಟ್ರೆಡ್‌ಮಿಲ್ ಬಂದದ್ದು ಹೆಂಡತಿ ಶ್ರೀಲಕ್ಷ್ಮಮ್ಮನವರಿಗಾಗಿ. ಸಕ್ಕರೆ ಕಾಯಿಲೆ, ದಿನಾ ಮುಕ್ಕಾಲು ಗಂಟೆ ನಡೆಯಲೇಬೇಕು, ಇಲ್ಲದಿದ್ದರೆ ಕಾಲು ಕೈಕೊಡುತ್ತವೆ ಎಂದು ಡಾಕ್ಟರು ಎಚ್ಚರಿಸಿದ್ದರು. ಆದರೆ ನಡೆಯುವುದೆಲ್ಲಿ? ಅದು 2007. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಒಂದರ ಬೆನ್ನಿಗೊಂದು ಬರುತ್ತಿದ್ದವು. ಮನೆ ಮುಂದಿನ ತುಳಸಿಯ ಎಲೆ ಕೂಡ ಕೆಂಪಗಾಗಿತ್ತು. ಒಂದು ಬೆಳಿಗ್ಗೆ ಲಾರಿಯೊಂದು ಸೆರಗು ಸವರಿಕೊಂಡೇ ಹೋದ ಮೇಲೆ ಶ್ರೀಲಕ್ಷ್ಮಮ್ಮ ರಸ್ತೆಗೆ ಇಳಿಯುವುದನ್ನೇ ಬಿಟ್ಟರು.

ಯಂತ್ರವನ್ನು ಜೋಡಿಸಿಕೊಟ್ಟವನು ಅಂಗಡಿಯ ಮೆಕ್ಯಾನಿಕ್ ಪಕ್ಕೀರಪ್ಪ. ಹೊರಡುವಾಗ ರಾಯರ ಕೈಗೆ ಒಂದು ಪುಟ್ಟ ಸೀಸೆ ಕೊಟ್ಟ.

“ರಾಯರ, ಇದು ಸಿಲಿಕಾನ್ ಎಣ್ಣಿ. ಮೂರು ತಿಂಗಳಿಗೊಮ್ಮೆ ಬೆಲ್ಟ್ ಎತ್ತಿ ಕೆಳಗ ಹಾಕ್ರಿ. ಮರೀಬ್ಯಾಡ್ರಿ.”

“ಬೆಲ್ಟಿಗೆ ಎಣ್ಣಿ?” ರಾಯರು ನಕ್ಕೇಬಿಟ್ಟರು. “ಲೇ, ನಾನು ಕಿಲೋಮೀಟರ್‌ಗಟ್ಲೆ ಬೆಲ್ಟ್ ಓಡಿಸಿದಾಂವ. ನನಗ ಹೇಳ್ತಿಯಲ್ಲ!”

ಗಣಿಯಲ್ಲಿ ಬೆಲ್ಟಿಗೆ ಎಣ್ಣೆ ತಾಗಿದರೆ ಮುಗಿಯಿತು. ಜಾರುತ್ತದೆ, ರಬ್ಬರು ಕೊಳೆಯುತ್ತದೆ. ಗ್ರೀಸಿನ ಕೈಯಲ್ಲಿ ಬೆಲ್ಟು ಮುಟ್ಟಿದ ಹೆಲ್ಪರನೊಬ್ಬನನ್ನು ರಾಯರು ಇಡೀ ಶಿಫ್ಟು ಬೈದದ್ದುಂಟು. ಸೀಸೆಯನ್ನು ಬೀರುವಿನ ಮೇಲೆ ಎಸೆದು ಅವರು ಅದನ್ನು ಮರೆತರು.

ಶ್ರೀಲಕ್ಷ್ಮಮ್ಮ ಮೊದಲ ವಾರ ದೇವರ ನಾಮ ಹೇಳಿಕೊಳ್ಳುತ್ತ, ಹಿಡಿಯನ್ನು ಬಿಡದೆ ನಡೆದರು. ಆಮೇಲೆ ಅವರನ್ನು ಹಿಡಿಯುವವರಿಲ್ಲ! ಯಂತ್ರ ತೋರಿಸುವ ದೂರವನ್ನು ದಿನದಿನವೂ ಕೂಡಿಸಿ, ಹಂಪಿಯ ದಾರಿಯಲ್ಲಿ ನಡೆದಂತೆ ಲೆಕ್ಕ ಹಾಕುತ್ತಿದ್ದರು. “ರೀ, ಇವತ್ತು ಅನಂತಶಯನಗುಡಿ ದಾಟಿದೆ ನೋಡ್ರಿ” ಎಂದು ಬೆವರು ಒರೆಸಿಕೊಳ್ಳುತ್ತ ಬಂದು ಕೂರುವಾಗ ಅವರ ಮುಖದಲ್ಲಿ ಎಂಥ ಕಳೆ! ಸಕ್ಕರೆಯೂ ಇಳಿಯಿತು. ಬರುವ ವರ್ಷ ಹಂಪಿಯ ಯಂತ್ರೋದ್ಧಾರಕ ಪ್ರಾಣದೇವರ ಗುಡಿಯ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಹತ್ತುವುದಾಗಿ ಸಂಕಲ್ಪ ಮಾಡಿಕೊಂಡರು. ರಾಯರಿಗೂ ಒಳಗೊಳಗೇ ಹಿಗ್ಗು.

ನಾಲ್ಕು ತಿಂಗಳಾದ ಮೇಲೆ ಬೆಲ್ಟಿನ ಅಡಿಯಲ್ಲಿ ಕೈಯಾಡಿಸಿದ ರಾಯರಿಗೆ ಬೆರಳಿಗೆ ಕೆಂಪು ಜಿಡ್ಡು ಹತ್ತಿತು. ಕಂಪನಿಯವರು ಹಚ್ಚಿ ಕಳಿಸಿದ್ದ ಎಣ್ಣೆಗೆ ಅದಿರಿನ ಧೂಳು ಅಂಟಿಕೊಂಡಿತ್ತು. “ಥೂ, ಎಂಥಾ ಕೆಲಸ ಮಾಡ್ಯಾರ!” ಎಂದವರೇ ಸೀಮೆಎಣ್ಣೆಯ ಬಟ್ಟೆ ತೂರಿಸಿ ಒಂದು ಹನಿಯೂ ಬಿಡದಂತೆ ಒರೆಸಿ ತೆಗೆದರು. ಅಂದು ಅವರಿಗೆ ಊಟವೂ ರುಚಿಸಿತು.

ಎರಡು ದಿನ ಕಳೆದು ಶ್ರೀಲಕ್ಷ್ಮಮ್ಮ ಅಂದರು, “ರೀ, ಕಾಲಿಟ್ಟ ಕೂಡ್ಲೇ ಬೆಲ್ಟ್ ಹಿಡಿದಂಗ ಆಗ್ತದ. ಎತ್ತಿದ್ರ ಬಿಡ್ತದ.”

“ಸಡ್ಲ ಆಗ್ಯದ, ತಡಿ” ಎಂದು ರಾಯರು ಹಿಂದಿನ ಎರಡೂ ಬೋಲ್ಟುಗಳನ್ನು ಅರ್ಧ ಸುತ್ತು ಬಿಗಿ ಮಾಡಿದರು. ಗಣಿಯಲ್ಲಿ ಬೆಲ್ಟು ತಡವರಿಸಿದರೆ ಅದೇ ಮದ್ದು. ಮರುದಿನ ಶ್ರೀಲಕ್ಷ್ಮಮ್ಮ ಮತ್ತೆ ಅದನ್ನೇ ಹೇಳಿದರು. ರಾಯರು ಮತ್ತೆ ಅರ್ಧ ಸುತ್ತು ಬಿಗಿದರು. ಮೂರನೇ ಸಲ ಹೇಳಿದಾಗ ರಾಯರಿಗೆ ರೇಗಿತು. “ಹೆಜ್ಜಿ ಸರಿಯಾಗಿ ಇಡೂದು ಕಲಿ ಮೊದಲ” ಎಂದುಬಿಟ್ಟರು. ಶ್ರೀಲಕ್ಷ್ಮಮ್ಮ ಹಿಡಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದು ನಡೆದರು.

ಅದಾಗಿ ಐದನೇ ದಿನ ಬೆಲ್ಟು ಗಕ್ಕನೆ ನಿಂತು, ಮತ್ತೆ ಎಳೆದುಕೊಂಡು ಓಡಿತು. ಧಡ್ ಎಂಬ ಸದ್ದಿಗೆ ರಾಯರು ಓಡಿಬಂದರೆ ಹೆಂಡತಿ ಯಂತ್ರದ ಹಿಂದೆ ಬಿದ್ದಿದ್ದರು. ಮುಂಗೈ ಮುರಿದಿತ್ತು, ಮೊಣಕಾಲು ತರಚಿ ರಕ್ತ ಸುರಿಯುತ್ತಿತ್ತು. ರಾಯರು ಹೆದರಿಹೋದರು. ಆದರೆ ಕೆಲವು ಗಂಡಸರಿಗೆ ಹೆದರಿಕೆಯೂ ಸಿಟ್ಟಾಗಿಯೇ ಹೊರಗೆ ಬರುತ್ತದೆ.

“ಕಾಲಿನ ಮ್ಯಾಲ ಲಕ್ಷ್ಯನ ಇಲ್ಲ ನಿನಗ! ನಿನ್ನ ಕಾಲಿಗೆ ಜೋಮು ಹಿಡದದ, ಗೊತ್ತಾಗಂಗಿಲ್ಲೇನು?”

ಬಿದ್ದ ಹೆಂಗಸಿಗೆ ಅಂದ ಮಾತೇ ಅದು!

ಅವರು ಬಿದ್ದ ಎಂಟನೇ ದಿನ ಪಕ್ಕೀರಪ್ಪ ಬಂದ. ಒಳಕೋಣೆಯಲ್ಲಿ ಶ್ರೀಲಕ್ಷ್ಮಮ್ಮ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಮಾತ್ರೆಯ ಮಂಪರಿನಲ್ಲಿದ್ದರು. ಅವನು ಬೆಲ್ಟು ಎತ್ತಿ ಹಲಗೆ ತೋರಿಸಿದ. ಹೆಜ್ಜೆ ಬೀಳುವ ಜಾಗವೆಲ್ಲ ಸುಟ್ಟು ಕಪ್ಪಾಗಿತ್ತು.

“ಕನ್ವೇಯರ್ ಬೆಲ್ಟು ರೋಲರ್ ಮ್ಯಾಲ ಓಡ್ತದ, ರಾಯರ. ಇದು ಹಲಗಿಗೆ ತಿಕ್ಕೋತ ಓಡೂದು. ನಡುವ ಎಣ್ಣಿ ಇರ್ಲೇಬೇಕು. ಒಣಗಿಸಿ, ಮ್ಯಾಲಿಂದ ಇಷ್ಟು ಬಿಗಿ ಬ್ಯಾರೆ ಮಾಡ್ಯಾರ. ಮೈಭಾರ ಬಿದ್ರ ಹಿಡಿದು ನಿಲ್ಲದ ಏನು ಮಾಡ್ತದ? ಯಾರು ಕೈ ಹಾಕ್ಯಾರ್ರಿ ಇದಕ್ಕ?”

ರಾಯರು ಒಳಕೋಣೆಯ ಕಡೆ ನೋಡಿದರು. “ಯಾರೋ... ಎಲೆಕ್ಟ್ರಿಷಿಯನ್ ಬಂದಿದ್ದ” ಅಂದರು.

ಪಕ್ಕೀರಪ್ಪ ಹಲಗೆ ಬದಲಿಸಿ, ಬೆಲ್ಟು ಸಡಿಲಿಸಿ, ಎಣ್ಣೆ ಹಾಕಿ ಹೋದ. ಯಂತ್ರ ಈಗ ಸದ್ದಿಲ್ಲದೆ ಓಡುತ್ತಿತ್ತು. ಪ್ಲಾಸ್ಟರು ಬಿಚ್ಚಿದ ದಿನ ರಾಯರು ಹೆಂಡತಿಯನ್ನು ಕರೆದರು. “ಬಾ, ಈಗ ಎಲ್ಲಾ ಸರಿಯಾಗ್ಯದ.”

ಶ್ರೀಲಕ್ಷ್ಮಮ್ಮ ಬಾಗಿಲಲ್ಲೇ ನಿಂತರು. “ಸರಿ ಇಲ್ದಿದ್ದು ಅದಲ್ರಿ, ನನ್ನ ಕಾಲು. ನಿಮ್ಮ ಕೈಯಾಗಿನ ಬೆಲ್ಟು ಎಂದಾದ್ರೂ ತಪ್ಪೇದೇನು?”

ಆ ಗಳಿಗೆಯಲ್ಲಿ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ತಪ್ಪು ನಂದು ಅಂತ. ಮಾತು ಗಂಟಲ ತನಕ ಬಂತು; ಬೆಲ್ಟ್ ರಾಯರು ಅದನ್ನು ನುಂಗಿಕೊಂಡರು. ನಾಳೆ ಹೇಳಿದರಾಯಿತು ಎಂದುಕೊಂಡರು. ಆ ನಾಳೆ ವರ್ಷವಾದರೂ ಬರಲಿಲ್ಲ.

ಮತ್ತೆ ಯಂತ್ರ ಹತ್ತದ ಶ್ರೀಲಕ್ಷ್ಮಮ್ಮ, ನಿಧಾನಕ್ಕೆ ಅಂಗಳಕ್ಕೆ ಇಳಿಯುವುದನ್ನೂ ಬಿಟ್ಟರು, ಅಡುಗೆಮನೆಗೆ ಹೋಗಲೂ ಗಂಡನ ತೋಳು ಹಿಡಿಯತೊಡಗಿದರು. ನೆಟ್ಟಗಿದ್ದ ಕಾಲನ್ನು ನಂಬದೆ ನಂಬದೆ ಕಾಲು ಸೊರಗಿದವು. ಇತ್ತ ರಾಯರು ಯಾರೂ ಹತ್ತದ ಯಂತ್ರಕ್ಕೆ ಆರೈಕೆ ಮಾಡುತ್ತಲೇ ಇದ್ದರು. ವಾರಕ್ಕೊಮ್ಮೆ ಧೂಳು ಒರೆಸುವುದು, ಮೂರು ತಿಂಗಳಿಗೊಮ್ಮೆ ತಪ್ಪದೆ ಎಣ್ಣೆ, ಬೆಲ್ಟು ಅಂಟಿಕೊಳ್ಳದಿರಲೆಂದು ಐದು ನಿಮಿಷ ಬರಿದೇ ಓಡಿಸುವುದು. ಖಾಲಿ ಬೆಲ್ಟು ಚೆನ್ನಾಗಿಯೇ ಓಡುತ್ತಿತ್ತು.

ವರ್ಷದ ಹೊತ್ತಿಗೆ ಸಕ್ಕರೆ ಮತ್ತೆ ಏರಿತು. ಡಾಕ್ಟರು ಶ್ರೀಲಕ್ಷ್ಮಮ್ಮನವರ ಕಣ್ಣು ಮುಚ್ಚಿಸಿ, ಪಾದದ ಅಲ್ಲಲ್ಲಿ ಸಣ್ಣ ಕಡ್ಡಿ ಒತ್ತಿ, “ಗೊತ್ತಾಗ್ತದೇನಮ್ಮಾ?” ಎಂದು ಕೇಳಿದರು. ಅವರಿಗೆ ಒಂದೂ ಗೊತ್ತಾಗಲಿಲ್ಲ.

“ಇಷ್ಟು ಚಲೋ ನಡೀತಿದ್ರಿ, ಯಾಕ ಬಿಟ್ರಿ?”

“ಮಷೀನ್ ಭಾಳ ಚಲೋ ಐತ್ರಿ ಡಾಕ್ಟ್ರ, ಇವರೇ ಕೈಯಾರೆ ನೋಡ್ಕೋತಾರ. ನನ್ನ ಕಾಲೇ ನನ್ನ ಮಾತು ಕೇಳಂಗಿಲ್ಲ” ಎಂದರು ಶ್ರೀಲಕ್ಷ್ಮಮ್ಮ, ತಾವೇ ತಪ್ಪು ಮಾಡಿದವರಂತೆ. ರಾಯರಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಮನೆಗೆ ಬಂದವರೇ ಹೆಂಡತಿಯನ್ನು ಮಂಚದ ಮೇಲೆ ಕೂರಿಸಿ ಎಲ್ಲ ಹೇಳಿದರು. ಸೀಮೆಎಣ್ಣೆಯ ಬಟ್ಟೆ, ಬೋಲ್ಟು, ಸುಟ್ಟ ಹಲಗೆ, ಇಲ್ಲದ ಎಲೆಕ್ಟ್ರಿಷಿಯನ್ನು, ಒಂದನ್ನೂ ಬಿಡಲಿಲ್ಲ.

ಶ್ರೀಲಕ್ಷ್ಮಮ್ಮ ಮುರಿದು ಕೂಡಿದ ಮುಂಗೈಯನ್ನು ಸವರಿಕೊಂಡರು. ಆಮೇಲೆ ಕೇಳಿದರು, “ನಿಮಗ ಯಾವಾಗ ಗೊತ್ತಾತು?”

“ಬಿದ್ದ ಎಂಟನೇ ದಿನ.”

“ಎಂಟನೇ ದಿನ” ಎಂದು ಅವರು ಮೆಲ್ಲಗೆ ಹೇಳಿಕೊಂಡರು. “ಬೀಳಿಸಿದ್ದಕ್ಕ ನನಗ ಸಿಟ್ಟಿಲ್ರಿ. ಕೈ ಕೂಡಿತು. ಆದ್ರ ಕಾಲು ಸರಿ ಇದ್ವು ಅಂತ ಗೊತ್ತಿದ್ದೂ ದಿನಾ ತೋಳು ಕೊಟ್ರಿ. ನಾನು ದಿನಾ ಹಿಡ್ಕೊಂಡೆ.”

ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಅವರು ಅಳತೊಡಗಿದರು. ಆ ಮನೆತನದಲ್ಲಿ ಯಾವ ಗಂಡಸೂ ಮಾಡದ್ದನ್ನು ರಾಯರು ಮಾಡಿದರು. ನೆಲಕ್ಕೆ ಕೂತು, ಬಗ್ಗಿ, ಹೆಂಡತಿಯ ಎರಡೂ ಪಾದ ಹಿಡಿದುಕೊಂಡರು. ಕಾಲ್ಬೆರಳುಗಳು ತಣ್ಣಗಿದ್ದವು. ಬಿಗಿಯಾಗಿ ಹಿಡಿದರು, ಇನ್ನೂ ಬಿಗಿಯಾಗಿ ಹಿಡಿದರು.

ಎಷ್ಟೋ ಹೊತ್ತಿನ ಮೇಲೆ, ಸೆರಗಿನೊಳಗಿಂದಲೇ ಶ್ರೀಲಕ್ಷ್ಮಮ್ಮ ಕೇಳಿದರು.

“ರೀ, ಎಲ್ಲಿದೀರಿ? ಎದ್ದು ಹೋದ್ರೇನು?”